ಸಂಬಳವಿಲ್ಲದ ಜೂರಿಕ್ ದಿನಗಳು

"ಪಿಎಚ್‌.ಡಿ. ಆಯ್ತು, ಪೋಸ್ಟ್‌ಡಾಕ್ ಸಿಗ್ತಿಲ್ಲ ಆಂಟಿ" ಎಂದು ಸಪ್ಪೆ ಮುಖ ಮಾಡಿಕೊಂಡು ಬರುವವರಿಗೆ ನಾನು ಹರಗೋಬಿಂದ ಖೊರಾನಾ ಅವರ ಕಥೆ ಹೇಳುತ್ತೇನೆ.

ಅವರು ಅವಿಭಜಿತ ಪಂಜಾಬಿನ ರಾಯಪುರ ಎಂಬ ಪುಟ್ಟ ಹಳ್ಳಿಯವರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಿವರ್‌ಪೂಲ್‌ಗೆ ಹೋಗಿ 1948ರಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಜೂರಿಕ್‌ನಲ್ಲಿ ಪ್ರೊಫೆಸರ್ ಪ್ರೆಲಾಗ್ ಅವರ ಬಳಿ ಸಂಬಳವಿಲ್ಲದೆ ದುಡಿದರು. ವಿಜ್ಞಾನವನ್ನೂ ದುಡಿಮೆಯನ್ನೂ ನೋಡುವ ದೃಷ್ಟಿ ತಮಗೆ ಬಂದದ್ದು ಆ ಗುರುವಿನಿಂದ ಎಂದು ಕೊನೆತನಕ ನೆನೆದರು. 1949ರಲ್ಲಿ ಭಾರತಕ್ಕೆ ಮರಳಿದಾಗ ಹುಟ್ಟೂರು ಪಾಕಿಸ್ತಾನಕ್ಕೆ ಸೇರಿಹೋಗಿತ್ತು. ಕೆಲಸವೂ ಸಿಗಲಿಲ್ಲ.

ಮತ್ತೆ ಫೆಲೋಶಿಪ್ ಹಿಡಿದು ಕೇಂಬ್ರಿಡ್ಜ್‌ಗೆ ಹೋದರು. 1950ರಿಂದ 1952ರವರೆಗೆ ಕೆನ್ನರ್ ಮತ್ತು ಟಾಡ್ ಅವರ ಜೊತೆ ಕೆಲಸ ಮಾಡುವಾಗ ನ್ಯೂಕ್ಲಿಯಿಕ್ ಆಮ್ಲಗಳ ಆಸಕ್ತಿ ಹುಟ್ಟಿತು. 1952ರಲ್ಲಿ ವ್ಯಾಂಕೂವರ್‌ನಿಂದ ಕರೆ ಬಂತು. ಅಲ್ಲಿ ಸೌಲಭ್ಯ ಕಡಿಮೆ, ಸ್ವಾತಂತ್ರ್ಯ ಧಾರಾಳ. ಜೀವಸಂಕೇತವನ್ನು ಬಿಡಿಸಿದ್ದಕ್ಕೆ 1968ರ ನೊಬೆಲ್ ಪ್ರಶಸ್ತಿಯನ್ನು ನೀರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ಹಂಚಿಕೊಂಡರು.

ಸಂಬಳವಿಲ್ಲದೆ ದುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಅದು ನ್ಯಾಯವೂ ಅಲ್ಲ. ಆದರೆ ಅರ್ಜಿ ಹಾಕುವಾಗ ಸಂಸ್ಥೆಯ ಹೆಸರಿನ ಜೊತೆಗೆ, ಯಾರ ಕೈಕೆಳಗೆ ಏನು ಕಲಿಯುತ್ತೀರಿ ಎಂಬುದನ್ನೂ ನೋಡಿ. ಒಂದು ಬಾಗಿಲು ಮುಚ್ಚಿತೆಂದು ಕಲಿತದ್ದು ವ್ಯರ್ಥವಾಗದು.