ಗೋಡೆಯೊಳಗಿದ್ದ ಕ್ಲೋಂಡೈಕ್

ಚಿಲ್ಕೂಟ್ ಗುಡ್ಡದ ಆ ಫೋಟೋ ನೀವೂ ಎಲ್ಲೋ ನೋಡಿರ್ತೀರಿ. ಬೆಳ್ಳನೆ ಹಿಮ, ಅದರ ಮೇಲೆ ಇರುವೆ ಸಾಲಿನ ಹಾಗೆ ಜನ. 1898ರಲ್ಲಿ ಅಲಾಸ್ಕಾ ದಾಟಿ ಕೆನಡಾದ ಕ್ಲೋಂಡೈಕ್‌ಗೆ ಚಿನ್ನ ಹುಡುಕಿ ಹೊರಟವರು. ವರ್ಷಕ್ಕಾಗುವ ಸಾಮಾನು, ಹೆಚ್ಚುಕಮ್ಮಿ ಒಂದು ಟನ್, ಜೊತೆಗಿಲ್ಲದಿದ್ದರೆ ಕೆನಡಾ ಪೊಲೀಸರು ಗಡಿಯೊಳಗೆ ಬಿಡ್ತಿರಲಿಲ್ಲ. ಹಾಗಾಗಿ ಒಬ್ಬೊಬ್ಬನೂ ಮೂಟೆ ಹೊತ್ತು ಅದೇ ಗುಡ್ಡವನ್ನ ಹತ್ತಾರು ಸಲ ಹತ್ತಬೇಕು. ಫೋಟೋದಲ್ಲಿ ಸಾಲು ಅಷ್ಟು ಉದ್ದ ಕಾಣೋದಕ್ಕೆ ಇದೂ ಒಂದು ಕಾರಣ.

ಇವನ್ನೆಲ್ಲ ಗಾಜಿನ ಪ್ಲೇಟುಗಳ ಮೇಲೆ ಹಿಡಿದವರಲ್ಲಿ ಮುಖ್ಯನಾದವನು ಸ್ವೀಡನ್‌ನಲ್ಲಿ ಹುಟ್ಟಿದ ಎರಿಕ್ ಹೆಗ್. ಪಕ್ಕದ ವೈಟ್ ಪಾಸ್‌ನಲ್ಲಿ ರೈಲು ಹಾಕ್ತಿದ್ದ ಕಂಪನಿ ಹ್ಯಾರಿ ಬಾರ್ಲಿ ಅನ್ನೋ ತನ್ನದೇ ಫೋಟೋಗ್ರಾಫರನ್ನ ಇಟ್ಟುಕೊಂಡಿತ್ತು. ಬಂಡೆ ಸಿಡಿಸುತ್ತಿದ್ದ ಕೂಲಿಗಳಲ್ಲಿ ಎಷ್ಟೋ ಜನ, ಆಟ್ಲಿನ್‌ನಲ್ಲಿ ಚಿನ್ನ ಸಿಕ್ಕಿತು ಅಂತ ಕೇಳಿದ್ದೇ ತಡ, ಕಂಪನಿಯ ಗುದ್ದಲಿ ಸಲಿಕೆ ಸಮೇತ ಪರಾರಿ! ಸ್ಕ್ಯಾಗ್ವೇಯಿಂದ ವೈಟ್‌ಹಾರ್ಸ್‌ವರೆಗಿನ 110 ಮೈಲಿ ಮುಗಿದದ್ದು 1900ರ ಜುಲೈನಲ್ಲಿ. ಅಷ್ಟರಲ್ಲಿ ಚಿನ್ನದ ಜನ ಹಿಂದಿನ ವರ್ಷವೇ ನೋಮ್ ಕಡೆ ಹೊರಟಾಗಿತ್ತು.

ನಾವು ಮೂರು ಕಡೆ ಬ್ಯಾಕಪ್ ಇಟ್ಟೂ ಭಯಪಡ್ತೀವಿ. ಹೆಗ್ ಡಾಸನ್‌ನಲ್ಲಿ ಬಿಟ್ಟುಹೋದ ಪ್ಲೇಟುಗಳು ಒಂದು ಮನೆಯ ಗೋಡೆಯೊಳಗೆ ಸೇರಿದ್ದವಂತೆ. ಅವು ಕೈಗೆ ಸಿಕ್ಕಾಗ ಆ ಮನೆಯಾಕೆ, ಚಿತ್ರ ಅಳಿಸಿ ಗಾಜನ್ನ ಗಿಡ ಬೆಳೆಸೋ ಗಾಜಿನಮನೆಗೆ ಹಾಕೋಣ ಅಂತ, ತಾನು ಕೆಲಸಕ್ಕಿದ್ದ ಕಡೆಯ ಯಜಮಾನನ ಹತ್ತಿರ ಉಪಾಯ ಕೇಳಿದಳಂತೆ. ಆತ ಪ್ಲೇಟು ನೋಡಿದ. ಆಕೆಗೆ ಬೇರೆ ಗಾಜು ಕೊಟ್ಟು ಇವನ್ನ ತಗೊಂಡ.