ಕಲಿಯುವ ವಿದ್ಯೆ, ಕಲಿಸುವ ವಿದ್ಯೆ

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಮನೆಗೆ ಬಂದಳು. ಪಿ.ಯು.ಸಿ. ಮುಗಿಸಿದ್ದಳು, ಅಂಕಗಳೂ ಚೆನ್ನಾಗಿ ಬಂದಿದ್ದುವು. “ಸಾರ್, ನಾನು ಸ್ಪ್ಯಾನಿಷ್ ಭಾಷೆಯಲ್ಲಿ ಬಿ.ಎ. ಮಾಡಬೇಕು ಅಂತಿದ್ದೇನೆ. ಆಮೇಲೆ ಅದನ್ನೇ ಪಾಠ ಹೇಳಬೇಕು. ಅಪ್ಪನಿಗೆ ನೀವು ಒಂದು ಮಾತು ಹೇಳಿ” ಎಂದಳು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೇ, ಇದು ಅನ್ನ ಕೊಡುವ ವಿದ್ಯೆಯೇ? ಇಷ್ಟು ವರ್ಷ ಓದಿಸಿ, ಕೊನೆಗೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಅಂತ ಆದರೆ ಏನು ಮಾಡೋಣ?” ಎಂದು ಕೇಳಿದರು.

ನಾನು ಕನ್ನಡ ಪಂಡಿತ; ಸ್ಪ್ಯಾನಿಷ್ ಬಲ್ಲವನಲ್ಲ. ಆದರೆ ಭಾಷೆಯನ್ನು ಪಾಠ ಹೇಳಿ ಬದುಕಿದವನು. ಒಂದು ವಾರದ ಅವಕಾಶ ಕೇಳಿಕೊಂಡು, ಆ ಭಾಷೆ ವಿದ್ಯಾಪೀಠಗಳಲ್ಲಿ ಪಾಠದ ವಿಷಯವಾಗಿ ಬೆಳೆದ ಚರಿತ್ರೆಯನ್ನು ಓದಿದೆ. ಓದಿದಷ್ಟೂ ಒಂದು ಮಾತು ಸ್ಪಷ್ಟವಾಯಿತು: ಭಾಷೆಯನ್ನು ಕಲಿಯುವುದು ಒಂದು ವಿದ್ಯೆ, ಅದನ್ನು ಕಲಿಸುವುದು ಇನ್ನೊಂದು ವಿದ್ಯೆ. ಇದನ್ನು ತಿಳಿಯಲು ಪಾಶ್ಚಾತ್ಯರಿಗೆ ನಾಲ್ಕು ಶತಮಾನಗಳು ಬೇಕಾದುವು. ಆ ಕಥೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಕಥೆ ಪ್ರಾರಂಭವಾಗುವುದು ಸ್ಪೇನಿನ ಸಲಮಾಂಕ ನಗರದಲ್ಲಿ. ಅಲ್ಲಿ ಅಂತೋನಿಯೋ ದೆ ನೆಬ್ರಿಹ ಎಂಬ ಲ್ಯಾಟಿನ್ ಪಂಡಿತನಿದ್ದ. ಇಟಲಿಯ ಬೊಲೋನ್ಯದಲ್ಲಿ ಓದಿ ಬಂದವನು. ಅವನ ಕ್ಯಾಸ್ಟೀಲಿಯನ್ ವ್ಯಾಕರಣ ಅಚ್ಚಾಗಿ ಮುಗಿದದ್ದು ೧೪೯೨ನೆಯ ಆಗಸ್ಟ್ ೧೮ರಂದು. ಅದಕ್ಕೆ ೧೫ ದಿನಗಳ ಹಿಂದಷ್ಟೇ ಕೊಲಂಬಸನ ಹಡಗುಗಳು ಸ್ಪೇನಿನ ದಡ ಬಿಟ್ಟಿದ್ದುವು. ತನ್ನ ಕೃತಿಯ ಮಾದರಿಯನ್ನು ರಾಣಿ ಇಸಬೆಲ್ಲಳಿಗೆ ತೋರಿಸಿದಾಗ ಆಕೆ “ಇದರಿಂದ ಏನು ಪ್ರಯೋಜನ?” ಎಂದು ಕೇಳಿದಳೆಂದೂ, ಪಕ್ಕದಲ್ಲಿದ್ದ ಬಿಷಪ್ಪನು “ನೀವು ಗೆಲ್ಲುವ ಪರಭಾಷೆಯ ಜನರು ನಿಮ್ಮ ಶಾಸನಗಳನ್ನೂ ಭಾಷೆಯನ್ನೂ ತಿಳಿಯಬೇಕಾಗುತ್ತದೆ” ಎಂಬರ್ಥದ ಉತ್ತರ ಕೊಟ್ಟನೆಂದೂ ನೆಬ್ರಿಹನೇ ಪೀಠಿಕೆಯಲ್ಲಿ ಬರೆದಿದ್ದಾನೆ. ರಾಣಿಯ ಪ್ರಶ್ನೆಯೂ ನಮ್ಮ ಹುಡುಗಿಯ ತಂದೆಯ ಪ್ರಶ್ನೆಯೂ ಒಂದೇ ಎಂಬುದನ್ನು ನೀವು ಗಮನಿಸಿರಬಹುದು!

ನಮ್ಮ ಕೇಶಿರಾಜನು ಕನ್ನಡಕ್ಕೆ ಕನ್ನಡದಲ್ಲೇ ಸೂತ್ರಗಳನ್ನು ರಚಿಸಿದ್ದು ೧೩ನೆಯ ಶತಮಾನದಲ್ಲಿ, ಎಂದರೆ ನೆಬ್ರಿಹನಿಗಿಂತ ಎರಡು ಶತಮಾನ ಮೊದಲು. ಆದರೆ ‘ಶಬ್ದಮಣಿದರ್ಪಣ’ವು ಕನ್ನಡ ಬಲ್ಲವರಿಗಾಗಿ ಬರೆದ ಶಾಸ್ತ್ರ. ನೆಬ್ರಿಹನ ಐದು ಭಾಗಗಳಲ್ಲಿ ಕೊನೆಯದು ಮಾತ್ರ ಪರಭಾಷೆಯವರಾಗಿ ಕ್ಯಾಸ್ಟೀಲಿಯನ್ ಕಲಿಯಬಯಸುವವರಿಗೆ ಮೀಸಲು. ತಾಯಿಯ ತೊಡೆಯ ಮೇಲೆ ಕಲಿತವನಿಗೆ ಹೇಳುವ ವ್ಯಾಕರಣ ಬೇರೆ, ಹೊರಗಿನಿಂದ ಬಂದವನಿಗೆ ಹೇಳುವ ವ್ಯಾಕರಣ ಬೇರೆ ಎಂಬ ವಿವೇಕ ಆ ಮೊದಲ ಗ್ರಂಥದಲ್ಲೇ ಇತ್ತು.

ಆ ವಿವೇಕವನ್ನು ಇನ್ನೂ ಮುಂದಕ್ಕೆ ಒಯ್ದವನು ಗೆದ್ದ ಜನರ ಕಡೆಯವನಲ್ಲ, ಸೋತ ಜನರ ಕಡೆಯವನು. ಫಿಲಿಪೀನ್ಸ್ ದ್ವೀಪಗಳಲ್ಲಿ ತೊಮಾಸ್ ಪಿನ್‌ಪಿನ್ ಎಂಬ ಮುದ್ರಣಕಾರನು ೧೬೧೦ರಲ್ಲಿ ತನ್ನ ತಗಾಲೋಗ್ ಜನರಿಗೆ ಸ್ಪ್ಯಾನಿಷ್ ಕಲಿಸುವ ಪುಸ್ತಕವೊಂದನ್ನು ತಗಾಲೋಗ್ ಭಾಷೆಯಲ್ಲೇ ಬರೆದನು. ನಡುನಡುವೆ ಎರಡೂ ಭಾಷೆಗಳನ್ನು ಹೆಣೆದ ಪದ್ಯಗಳನ್ನೂ ಇಟ್ಟನು. ಬಲ್ಲ ನುಡಿಯನ್ನು ಹಿಡಿದುಕೊಂಡು ಬಾರದ ನುಡಿಗೆ ದಾಟುವ ಈ ಉಪಾಯವನ್ನು ನೆನಪಿನಲ್ಲಿಡಿ; ಮತ್ತೆ ಅದರ ಮಾತು ಬರುತ್ತದೆ.

ಇನ್ನು ಅಮೆರಿಕಕ್ಕೆ ಬರೋಣ. ಸ್ಪ್ಯಾನಿಷ್ ಪರಭಾಷೆಯಾಗಿ ಪದವಿಯ ಮಟ್ಟಕ್ಕೆ ಏರಿದ ಚರಿತ್ರೆ ಅಲ್ಲಿ ವಿಸ್ತಾರವಾಗಿ ದೊರೆಯುತ್ತದೆ. ಅಬಾಯೆಲ್ ಸ್ಮಿತ್ ಎಂಬ ವರ್ತಕನು ಬಿಟ್ಟುಹೋದ ಹಣದಿಂದ ಹಾರ್ವರ್ಡಿನಲ್ಲಿ ಫ್ರೆಂಚ್ ಮತ್ತು ಸ್ಪ್ಯಾನಿಷ್ ಭಾಷೆಗಳಿಗೆ ಒಂದು ಪೀಠ ಏರ್ಪಟ್ಟಿತು. ಅದಕ್ಕೆ ಆರಿಸಿದ್ದು ಜಾರ್ಜ್ ಟಿಕ್ನರ್ ಎಂಬ ತರುಣನನ್ನು. ಈತ ಬಾಸ್ಟನ್ನಿನವನು, ಲಾಯರಿಕೆ ಬಿಟ್ಟು ವಿದ್ಯೆಯ ಬೆನ್ನು ಹತ್ತಿದವನು. ೧೮೧೪ರಲ್ಲಿ ಜರ್ಮನ್ ಕಲಿಯಬೇಕೆಂದು ಹೊರಟಾಗ ಬಾಸ್ಟನ್ನಿನಲ್ಲಿ ತಕ್ಕ ಗುರು ಸಿಕ್ಕಲಿಲ್ಲ. ನಿಘಂಟಿಗಾಗಿ ನ್ಯೂ ಹ್ಯಾಂಪ್‌ಷೈರಿಗೆ ಹೇಳಿಕಳುಹಿಸಬೇಕಾಯಿತು. ಪೀಠಕ್ಕೆ ಕರೆ ಬಂದಾಗ ಆತ ಗಟ್ಟಿಂಗೆನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ. ಕೂಡಲೇ ಊರಿಗೆ ಹಿಂದಿರುಗಿ ಕುರ್ಚಿಯ ಮೇಲೆ ಕೂರಲಿಲ್ಲ. ೧೮೧೮ರಲ್ಲಿ ಸ್ಪೇನಿಗೆ ಹೋಗಿ, ಮ್ಯಾಡ್ರಿಡ್ಡಿನಲ್ಲಿ ಕೊಂದೆ ಎಂಬ ವಿದ್ವಾಂಸನ ಜತೆ ಕುಳಿತು ಹಳೆಯ ಕಾವ್ಯಗಳನ್ನು ಓದಿ, ೧೮೧೯ರಲ್ಲಿ ಅಧಿಕಾರ ವಹಿಸಿಕೊಂಡನು. ಮೂರು ಸಂಪುಟಗಳ ‘ಸ್ಪ್ಯಾನಿಷ್ ಸಾಹಿತ್ಯ ಚರಿತ್ರೆ’ ಹೊರಬಂದದ್ದು ೧೮೪೯ರಲ್ಲಿ. ತರಗತಿಯ ವಿಷಯದಲ್ಲೂ ಆತ ಒಂದು ಸುಧಾರಣೆ ತಂದನು: ವಿದ್ಯಾರ್ಥಿಗಳನ್ನು ಕಾಲೇಜಿಗೆ ಸೇರಿದ ವರ್ಷದ ಪ್ರಕಾರ ವಿಂಗಡಿಸದೆ, ಅವರವರ ಭಾಷಾಜ್ಞಾನದ ಪ್ರಕಾರ ವಿಂಗಡಿಸುವುದು.

ಅವನ ತರುವಾಯ ಆ ಪೀಠಕ್ಕೆ ಬಂದವನು ಕವಿ ಲಾಂಗ್‌ಫೆಲೋ. ೧೮೨೫ರಲ್ಲಿ, ಹದಿನೆಂಟು ವರ್ಷಕ್ಕೆ, ಬೋಡನ್ ಕಾಲೇಜಿನಿಂದ ಪದವೀಧರನಾದಾಗಲೇ ಅಲ್ಲಿಯ ಆಧುನಿಕ ಭಾಷೆಗಳ ಅಧ್ಯಾಪಕ ಸ್ಥಾನ ಇವನಿಗೆಂದು ನಿಶ್ಚಯವಾಯಿತು. ಆದರೆ ಮೊದಲು ಯೂರೋಪಿಗೆ ಹೋಗಿ ಕಲಿತು ಬರಬೇಕೆಂಬುದು ನಿಬಂಧನೆ. ಮೂರು ವರ್ಷ ಫ್ರಾನ್ಸ್, ಸ್ಪೇನ್, ಇಟಲಿ, ಜರ್ಮನಿಗಳಲ್ಲಿ ಕಳೆದು ೧೮೨೯ರಲ್ಲಿ ಬಂದು ನೋಡಿದರೆ ಹುಡುಗರ ಕೈಗೆ ಕೊಡಲು ತಕ್ಕ ಪುಸ್ತಕವಿಲ್ಲ. ತಾನೇ ಒಂದು ಫ್ರೆಂಚ್ ವ್ಯಾಕರಣವನ್ನು ಅನುವಾದಿಸಿದನು. ೧೮೩೦ರಲ್ಲಿ ಸ್ಪ್ಯಾನಿಷ್ ಕಥೆಗಳ ವಾಚನ ಪುಸ್ತಕವನ್ನು ಸಂಪಾದಿಸಿ ಅಚ್ಚುಹಾಕಿಸಿದನು.

ಇವರಿಬ್ಬರಿಂದ ಎರಡು ಪಾಠಗಳು ನಮಗೆ ದೊರೆಯುತ್ತವೆ. ಆ ನುಡಿಯ ನಾಡಿನಲ್ಲಿ ಕೆಲಕಾಲ ಬಾಳಿ ಬಂದರೆ ಬರುವ ಬಲ ಬೇರೆ. ಪಾಠ ಹೇಳುವವನು ವಿದ್ವತ್ತಿನೊಡನೆ ಪಾಠಸಾಮಗ್ರಿಯನ್ನೂ ಸಿದ್ಧಪಡಿಸಬಲ್ಲವನಾಗಿರಬೇಕು. ಆದರೂ ಇವರಿಗೆ ‘ಹೇಗೆ ಕಲಿಸಬೇಕು’ ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಅಸಾಧಾರಣ ಪ್ರತಿಭೆಯವರು, ತಮ್ಮ ದಾರಿ ತಾವೇ ಕಂಡುಕೊಂಡರು.

ಸಾಧಾರಣರ ಗತಿ ಏನೆಂಬುದು ತಿಳಿದದ್ದು ೧೯೧೭ರಲ್ಲಿ. ಅಮೆರಿಕವು ಮೊದಲ ಮಹಾಯುದ್ಧಕ್ಕಿಳಿದೊಡನೆ ಶಾಲೆಗಳಲ್ಲಿ ಜರ್ಮನ್ ಭಾಷೆಗೆ ಬಹಿಷ್ಕಾರದಂಥದು ಬಿತ್ತು. ಸ್ಪ್ಯಾನಿಷ್ ತರಗತಿಗಳು ತುಂಬಿಹೋದುವು. ಮಕ್ಕಳೇನೋ ಬಂದರು, ಉಪಾಧ್ಯಾಯರೆಲ್ಲಿ? ನಿನ್ನೆ ಜರ್ಮನ್ ಹೇಳುತ್ತಿದ್ದವರೂ ಇತರರೂ ಇಂದು ಸ್ಪ್ಯಾನಿಷ್ ಪುಸ್ತಕ ಹಿಡಿದು ತರಗತಿಗೆ ನಡೆದರು.

ಇದನ್ನು ಓದುವಾಗ ನನ್ನ ಮುಖ ಬಾಡಿತು, ಕಾರಣ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯಲ್ಲಿ ಹಿಂದೀ ಪಂಡಿತರಿಗೆ ವರ್ಗವಾಯಿತು. “ನೀವು ಹಿಂದೀ ಪರೀಕ್ಷೆ ಪಾಸು ಮಾಡಿದ್ದೀರಲ್ಲ, ನೀವೇ ತೆಗೆದುಕೊಳ್ಳಿ” ಎಂದು ಆ ತರಗತಿಯನ್ನು ನನಗೆ ವಹಿಸಿದರು. ಸುಲಭವಾಗಲೆಂದು ನಾನು ಮಕ್ಕಳಿಗೆ “ಈಕಾರಾಂತವೆಲ್ಲ ಸ್ತ್ರೀಲಿಂಗ” ಎಂದು ಹೇಳಿಕೊಟ್ಟೆ. ವರ್ಷವಿಡೀ ಅವರು ‘ಠಂಡೀ ಪಾನೀ’ ಎಂದೇ ಬರೆದರು. ನಾನೂ ಕೆಂಪು ಶಾಯಿಯಲ್ಲಿ ಸರಿ ಹಾಕಿದೆ. ‘ಪಾನೀ’ ಪುಲ್ಲಿಂಗವೆಂದು, ‘ಠಂಡಾ ಪಾನೀ’ ಎನ್ನಬೇಕೆಂದು ಮುಂದಿನ ವರ್ಷ ಬಂದ ಪಂಡಿತರು ತಿದ್ದಬೇಕಾಯಿತು. ಒಂದು ತರಗತಿಯ ಮಕ್ಕಳು ನನ್ನ ತಪ್ಪನ್ನು ಹೊತ್ತುಕೊಂಡು ಹೋದರು. ಸ್ಪ್ಯಾನಿಷಿನಲ್ಲೂ ಇಂಥ ಬಲೆಗಳುಂಟು: ಓಕಾರಾಂತವು ಸಾಮಾನ್ಯವಾಗಿ ಪುಲ್ಲಿಂಗವಾದರೂ ಕೈ ಎಂಬರ್ಥದ ‘ಮಾನೋ’ ಸ್ತ್ರೀಲಿಂಗ, ಆಕಾರಾಂತವು ಸಾಮಾನ್ಯವಾಗಿ ಸ್ತ್ರೀಲಿಂಗವಾದರೂ ದಿನ ಎಂಬರ್ಥದ ‘ದಿಯಾ’ ಪುಲ್ಲಿಂಗ.

ಅಮೆರಿಕದವರು ಆ ವರ್ಷವೇ ಎಚ್ಚೆತ್ತರು. ೧೯೧೭ರಲ್ಲಿ ಸ್ಪ್ಯಾನಿಷ್ ಉಪಾಧ್ಯಾಯರ ಸಂಘ ಹುಟ್ಟಿತು. ನ್ಯೂಯಾರ್ಕಿನ ಲಾರೆನ್ಸ್ ವಿಲ್ಕಿನ್ಸ್ ಅದರ ಮೊದಲ ಅಧ್ಯಕ್ಷ. ‘ಇಸ್ಪಾನಿಯ’ ಅದರ ಪತ್ರಿಕೆ. ಅದೇ ವರ್ಷ ಮಿಡ್ಲ್‌ಬರಿ ಕಾಲೇಜು ಬೇಸಗೆಯ ಸ್ಪ್ಯಾನಿಷ್ ಶಾಲೆಯನ್ನು ತೆರೆಯಿತು. ಅಲ್ಲಿಗೆ ಸೇರಿದವರು ಊಟದಲ್ಲೂ ಆಟದಲ್ಲೂ ಕಲಿಯುವ ಭಾಷೆಯನ್ನಲ್ಲದೆ ಬೇರೆ ಆಡುವುದಿಲ್ಲವೆಂಬ ವ್ರತವೇ ಆ ಕಾಲೇಜಿನ ಭಾಷಾಶಾಲೆಗಳ ಹೆಸರುವಾಸಿಗೆ ಕಾರಣ. ಸ್ಪೇನಿನಲ್ಲಿ ಮೆನೆಂದೆಸ್ ಪಿದಾಲರ ನೇತೃತ್ವದ ಚರಿತ್ರೆ ಅಧ್ಯಯನ ಕೇಂದ್ರವು ೧೯೧೨ರಿಂದಲೇ ಪರದೇಶೀಯರಿಗೆ ತರಗತಿಗಳನ್ನು ನಡೆಸುತ್ತಿತ್ತು. ಅಲ್ಲಿಯ ನವಾರೋ ತೊಮಾಸರು ೧೯೧೮ರಲ್ಲಿ ಉಚ್ಚಾರಣೆಯ ಕೈಪಿಡಿಯೊಂದನ್ನು ಪ್ರಕಟಿಸಿದರು.

೧೯೫೫ರಲ್ಲಿ ಅಮೆರಿಕದ ಆಧುನಿಕ ಭಾಷಾ ಸಂಸ್ಥೆಯು ಪ್ರೌಢಶಾಲೆಯ ಭಾಷಾ ಉಪಾಧ್ಯಾಯರಿಗೆ ಬೇಕಾದ ಯೋಗ್ಯತೆಗಳನ್ನು ಏಳಾಗಿ ವಿಂಗಡಿಸಿತು: ಕೇಳಿ ತಿಳಿಯುವುದು, ಮಾತನಾಡುವುದು, ಓದುವುದು, ಬರೆಯುವುದು, ಭಾಷೆಯ ರಚನೆಯನ್ನು ಬಿಡಿಸಿ ನೋಡುವುದು, ಆ ಜನರ ಸಂಸ್ಕೃತಿಯನ್ನರಿಯುವುದು, ಕೊನೆಯದಾಗಿ ಬೋಧನಾ ವೃತ್ತಿಯ ಶಿಕ್ಷಣ. ರಷ್ಯ ೧೯೫೭ರಲ್ಲಿ ಸ್ಪುಟ್ನಿಕ್ ಹಾರಿಸಿದ ಮೇಲೆ, ೧೯೫೮ರ ಶಿಕ್ಷಣ ಶಾಸನದಿಂದ, ಉಪಾಧ್ಯಾಯರ ಮರುತರಬೇತಿಗೆ ಸರಕಾರದ ಹಣವೂ ಹರಿಯಿತು. ಇಂದು ಅಲ್ಲಿ ಸ್ಪ್ಯಾನಿಷ್ ಪದವಿಯೊಡನೆ ಉಪಾಧ್ಯಾಯರಾಗಬಯಸುವವರು ಭಾಷೆ, ಸಾಹಿತ್ಯ, ಭಾಷಾಶಾಸ್ತ್ರಗಳ ಜತೆಗೆ ಬೋಧನಾಕ್ರಮವನ್ನು ಓದಿ, ಶಾಲೆಯೊಂದರಲ್ಲಿ ತಿಂಗಳುಗಟ್ಟಲೆ ಪಾಠಾಭ್ಯಾಸ ಮಾಡಬೇಕು.

ಈ ಚರಿತ್ರೆಯೇ ಒಂದು ಯೋಜನೆಯನ್ನು ತೋರಿಸಿಕೊಡುತ್ತದೆ. ಭಾಷಾಪಾಠಗಳು ಸರಪಳಿಯ ಕೊಂಡಿಗಳಂತೆ: ಹಿಂದಿನದು ಮುಗಿಯದೆ ಮುಂದಿನದಕ್ಕೆ ಪ್ರವೇಶವಿಲ್ಲ. ಮೊದಲ ವರ್ಷ ಕಿವಿಗೂ ನಾಲಿಗೆಗೂ ಮೀಸಲಿರಲಿ. ಎರಡನೆಯ ವರ್ಷ ವ್ಯಾಕರಣ, ಬರವಣಿಗೆ ಬಲಿಯಲಿ; ಅಂದೇ ಯಾವುದಾದರೂ ಮಗುವಿಗೆ ಅಕ್ಷರ ಹೇಳಿಕೊಟ್ಟು ನೋಡಬೇಕು. ಸಾಹಿತ್ಯ, ಚರಿತ್ರೆ, ಸಾಧ್ಯವಾದರೆ ಪರದೇಶವಾಸ ಅನಂತರ. ಬೋಧನೆಯ ತರಬೇತಿಯನ್ನು ಪದವಿಯ ಬಾಲದಂತೆ ಕೊನೆಗೆ ಅಂಟಿಸಿಕೊಳ್ಳುವವರಿಗೆ ಪರದೇಶವಾಸಕ್ಕೂ ಪಾಠಾಭ್ಯಾಸಕ್ಕೂ ಒಂದೇ ಕಾಲ ಬಂದು, ಎರಡರಲ್ಲೊಂದು ಕೈತಪ್ಪುತ್ತದೆ.

ಪಿನ್‌ಪಿನ್ನನ ಉಪಾಯವನ್ನು ಈಗ ನೆನೆಯಿರಿ. ಕನ್ನಡದ ಮಕ್ಕಳು ಇಂಗ್ಲಿಷನ್ನೇ ಊರುಗೋಲು ಮಾಡಿಕೊಳ್ಳಬೇಕಾದ್ದಿಲ್ಲ. ‘ಬಂದೆ’ ಎಂದರೆ ‘ನಾನು’ ಎಂಬುದು ಕ್ರಿಯಾಪದದಲ್ಲೇ ಇದೆ, ಸ್ಪ್ಯಾನಿಷಿನಲ್ಲೂ ಹಾಗೆಯೇ. ನಾವು ‘ನನಗೆ ಇಷ್ಟ’ ಎಂದು ಚತುರ್ಥಿಯಲ್ಲಿ ಹೇಳುವಂತೆ ಅವರು ‘ಮೆ ಗುಸ್ತಾ’ ಎನ್ನುತ್ತಾರೆ. ‘ಪುಸ್ತಕ ನೋಡಿದೆ’ ಎನ್ನಬಹುದು, ‘ಹುಡುಗ ನೋಡಿದೆ’ ಎನ್ನಲಾಗದು, ‘ಹುಡುಗನನ್ನು’ ಎನ್ನಲೇಬೇಕು. ಅವರೂ ಮನುಷ್ಯರು ಕರ್ಮವಾದಾಗ ಹಿಂದೆ ‘ಆ’ ಎಂಬ ಶಬ್ದ ಹಚ್ಚುತ್ತಾರೆ. ‘ಪೆರೋ’ ಎಂದರೆ ‘ಆದರೆ’, ‘ಪೆರ್ರೋ’ ಎಂದರೆ ನಾಯಿ. ರೇಫಗಳ ಈ ಭೇದ ಹಳಗನ್ನಡದ ರ, ಱಗಳನ್ನು ಓದಿದವರಿಗೆ ಹೊಸದೇನಲ್ಲ. ಎಲ್ಲ ಕಡೆಯೂ ಹೋಲಿಕೆ ಹೊಂದದು; ಆದರೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದದು ಎಂದು ಬಲ್ಲವರೇ ನಾಳೆ ಕನ್ನಡದ ಮಕ್ಕಳಿಗೆ ಆ ಭಾಷೆಯನ್ನು ಹೇಳಿಕೊಡಬಲ್ಲರು.

ವಾರದ ಮೇಲೆ ತಂದೆ ಮಗಳು ಮತ್ತೆ ಬಂದರು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲೂ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯದಲ್ಲೂ ಸ್ಪ್ಯಾನಿಷ್ ಪದವಿಗೆ ಅವಕಾಶವುಂಟೆಂದು ಹೇಳಿದೆ. “ಸುಮಾರು ಇಪ್ಪತ್ತು ದೇಶಗಳು ಆಡಳಿತಕ್ಕೆ ಬಳಸುವ ನುಡಿ, ಸ್ವಾಮಿ, ನುಡಿಯಲ್ಲಿ ಕೊರತೆಯಿಲ್ಲ. ಕೆಲಸ ಸಿಕ್ಕೇ ಸಿಕ್ಕುತ್ತದೆಂದು ನಾನು ಬರೆದುಕೊಡಲಾರೆ. ಆದರೆ ಅರೆಬರೆ ಕಲಿತವಳಿಗಿಂತ, ಕಲಿತು ಕಲಿಸಬಲ್ಲವಳು ಎಲ್ಲಿ ಹೋದರೂ ನಿಲ್ಲುತ್ತಾಳೆ” ಎಂದೆ. ಅವರು ಒಪ್ಪಿದಂತೆ ತಲೆದೂಗಿ, ಖರ್ಚಿನ ಲೆಕ್ಕ ಕೇಳತೊಡಗಿದರು.

ಹೊರಡುವಾಗ ಹುಡುಗಿಗೆ ಒಂದು ಮಾತು ಹೇಳಿದೆ: “ಮಗು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ ಎಂದು ಮಕ್ಕಳ ಮುಂದೆ ಹೇಳುವುದನ್ನು ಮೊದಲು ಕಲಿ.” ‘ಠಂಡೀ ಪಾನೀ’ಯ ಕಥೆಯನ್ನು ಅವಳಿಗೆ ಹೇಳಿರಲಿಲ್ಲ. ಇಲ್ಲಿ ಓದಿದರೆ ಓದಿಕೊಳ್ಳಲಿ.