ಕವಲು ಮತ್ತು ಕೂಡುದಾರಿ: ಮಕ್ಕಳ ಆಯ್ಕೆಕತೆಯ ಆಟಗಳ ವಿನ್ಯಾಸ ಕುರಿತು

ಅಮೆರಿಕದ ವಕೀಲ ಎಡ್ವರ್ಡ್ ಪ್ಯಾಕರ್ಡ್ 1969ರಲ್ಲಿ ಬರೆದ ಮಕ್ಕಳ ಕತೆಯೊಂದರಲ್ಲಿ ಮುಖ್ಯ ಪಾತ್ರಕ್ಕೆ ಹೆಸರೇ ಇರಲಿಲ್ಲ. ಓದುವ ಮಗುವೇ ಆ ಪಾತ್ರ, ಮುಂದೇನು ಮಾಡಬೇಕೆಂದು ಆರಿಸುವುದೂ ಆ ಮಗುವೇ. ರಾತ್ರಿ ಮಲಗುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಕತೆ ಹೇಳುತ್ತಿದ್ದಾಗ ಮುಂದೇನೆಂದು ತೋಚದೆ ಅವರನ್ನೇ ಕೇಳಿದ್ದರಿಂದ ಈ ರೂಪ ಹುಟ್ಟಿತೆಂದು ಪ್ಯಾಕರ್ಡ್ ಹೇಳಿಕೊಂಡಿದ್ದಾರೆ. ಕತೆ ಅಚ್ಚಾಗಲು 1976 ಬರಬೇಕಾಯಿತು. ವರ್ಮಾಂಟಿನ ಪುಟ್ಟ ಪ್ರಕಾಶನವೊಂದು ಅದನ್ನು ‘ಶುಗರ್‌ಕೇನ್ ಐಲ್ಯಾಂಡ್’ ಎಂದು ಹೊರತಂದಿತು. 1979ರಲ್ಲಿ ಬ್ಯಾಂಟಮ್ ಸಂಸ್ಥೆ ‘ಚೂಸ್ ಯುವರ್ ಓನ್ ಅಡ್ವೆಂಚರ್’ ಮಾಲೆಯನ್ನು ಅವರದೇ ‘ದ ಕೇವ್ ಆಫ್ ಟೈಮ್’ ಪುಸ್ತಕದಿಂದ ಆರಂಭಿಸಿತು. ಅದರ ಮುಖಪುಟ 40 ಬಗೆಯ ಅಂತ್ಯಗಳ ಆಸೆ ತೋರಿಸುತ್ತಿತ್ತು. 1998ರ ಹೊತ್ತಿಗೆ ಮಾಲೆಯಲ್ಲಿ 180ಕ್ಕೂ ಹೆಚ್ಚು ಪುಸ್ತಕಗಳಾಗಿದ್ದವು.

ಅಂತ್ಯಗಳನ್ನು ಎಣಿಸುವ ಆ ಚಾಳಿ ಇಂದಿಗೂ ಹೋಗಿಲ್ಲ. ಮೊಬೈಲ್ ಅಥವಾ ಟ್ಯಾಬ್ಲೆಟ್‌ಗಾಗಿ ಆಯ್ಕೆಕತೆ ಕಟ್ಟಲು ಕೂತವರಿಗೆ ಮೊದಲು ಹೊಳೆಯುವುದು ಕವಲುಗಳ ಸಂಖ್ಯೆಯೇ. ಆದರೆ ಈ ಪ್ರಕಾರದ ಚರಿತ್ರೆಯನ್ನೂ ಮಕ್ಕಳ ಕಲಿಕೆಯ ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ದಾರಿಗಳು ಎಲ್ಲಿ ಮತ್ತೆ ಕೂಡುತ್ತವೆ, ಕೂಡುವಾಗ ಮಗು ತನ್ನ ಆಯ್ಕೆಯ ಯಾವ ಗುರುತನ್ನು ಹೊತ್ತು ಮುಂದೆ ಹೋಗುತ್ತದೆ ಎಂಬುದರ ಮೇಲೆ ಆಟದ ಗಟ್ಟಿತನ ನಿಂತಿದೆ ಎಂಬುದು ಈ ಲೇಖನದ ವಾದ.

ಲೆಕ್ಕ ಹಾಕುವ ಕಡಿವಾಣ

ಪ್ರತಿ ಹಂತದಲ್ಲೂ ಎರಡು ಆಯ್ಕೆ, ಒಟ್ಟು ಆರು ಹಂತ, ಯಾವ ದಾರಿಯೂ ಇನ್ನೊಂದನ್ನು ಸೇರುವುದಿಲ್ಲ ಎಂದಿಟ್ಟುಕೊಳ್ಳೋಣ. ಆಗ ಬರೆಯಬೇಕಾದ ತುಣುಕುಗಳು 127, ಅಂತ್ಯಗಳು 64. ಒಂದು ಸಲ ಆಡುವ ಮಗು ಓದುವುದು ಏಳು ತುಣುಕು ಮಾತ್ರ. ಹಂತಗಳನ್ನು ಹತ್ತಕ್ಕೆ ಏರಿಸಿದರೆ ತುಣುಕುಗಳು 2,047 ಆಗುತ್ತವೆ, ಮಗುವಿನ ಪಾಲಿಗೆ ಬರುವುದು ಹನ್ನೊಂದು. ಬರೆದವರ ಶ್ರಮ ಬೆಟ್ಟದಷ್ಟಾದರೂ ಕತೆ ಮಾತ್ರ ಗಿಡ್ಡವಾಗಿಯೇ ಉಳಿಯುತ್ತದೆ.

ಅದೇ ಆರು ಆಯ್ಕೆಗಳಲ್ಲಿ, ಪ್ರತಿ ಕವಲಿನ ನಂತರ ಎರಡೂ ದಾರಿಗಳು ಒಂದು ಕೂಡುತುಣುಕಿಗೆ ಬಂದು ಸೇರಿದರೆ ಬರೆಯಬೇಕಾದದ್ದು 19 ತುಣುಕು. ಮಗು ಅವುಗಳಲ್ಲಿ 13ನ್ನು ಓದುತ್ತದೆ. ಕತೆಯ ಮೂಲಕ ಹಾದುಹೋಗುವ ದಾರಿಗಳು ಆಗಲೂ 64. ಶ್ರೀರಂಗಪಟ್ಟಣದ ಬಳಿ ಕಾವೇರಿ ಸೀಳಿಕೊಂಡು ದ್ವೀಪವನ್ನು ಬಳಸಿ ಮತ್ತೆ ಒಂದಾಗುವಂಥ ಈ ರಚನೆಯನ್ನು ಸ್ಯಾಮ್ ಕಾಬೊ ಆ್ಯಶ್‌ವೆಲ್ 2015ರಲ್ಲಿ ಆಯ್ಕೆಕತೆಗಳ ಮುಖ್ಯ ಮಾದರಿಗಳನ್ನು ಪಟ್ಟಿ ಮಾಡಿದಾಗ ಒಂದು ಪ್ರತ್ಯೇಕ ಬಗೆಯೆಂದು ಗುರುತಿಸಿದ್ದರು. ಎಂದೂ ಕೂಡದೆ ಕವಲೊಡೆಯುತ್ತಲೇ ಹೋಗುವ ಬಗೆಗೆ ಅವರು ಪ್ಯಾಕರ್ಡರ ಪುಸ್ತಕದ ನೆನಪಿನಲ್ಲಿ ‘ಟೈಮ್ ಕೇವ್’ ಎಂದೇ ಹೆಸರಿಟ್ಟರು.

ಲೆಕ್ಕದ ಈ ಬಿಗಿಯಿಂದ ಪಾರಾಗಲು ಹಿಂದಿನವರು ಹಿಡಿದ ದಾರಿಗಳು ಹಲವು. ಬ್ಯಾಂಟಮ್ ಮಾಲೆಯ ಪುಸ್ತಕಗಳಲ್ಲಿ ಅನೇಕ ದಾರಿಗಳು ನಾಲ್ಕಾರು ಪುಟಗಳಲ್ಲೇ ಸಾವಿನಲ್ಲಿ ಮುಗಿಯುತ್ತಿದ್ದವು. 1982ರಲ್ಲಿ ಬ್ರಿಟನ್ನಿನ ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ ‘ದ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ ಪುಸ್ತಕದ 400 ತುಣುಕುಗಳಿಗೆ ದಾಳದ ಆಟವನ್ನು ಬೆಸೆದರು. ಅದೃಷ್ಟ ಮತ್ತು ಅಂಕಗಳಿಂದಾಗಿ ಒಂದೇ ದಾರಿ ಎರಡನೆಯ ಸಲ ಬೇರೆ ಅನುಭವವಾಯಿತು.

ಸಿನಿಮಾದಲ್ಲೂ ಇಂಥ ಯತ್ನ ನಡೆದಿತ್ತು. 1967ರ ಮಾಂಟ್ರಿಯಲ್ ಎಕ್ಸ್‌ಪೊದಲ್ಲಿ ಚೆಕ್ ನಿರ್ದೇಶಕ ರಾದುಸ್ ಚಿಂಚೆರಾ ‘ಕಿನೊಆಟೊಮಾಟ್’ ತೋರಿಸಿದರು. ಪ್ರೇಕ್ಷಕರ ಪ್ರತಿ ಆಸನಕ್ಕೂ ಗುಂಡಿಗಳಿದ್ದವು. ಚಿತ್ರ ನಿಂತಾಗ ವೇದಿಕೆಯ ಮೇಲಿನ ನಿರೂಪಕ ಪ್ರಶ್ನೆ ಕೇಳಿ ಬಹುಮತದಂತೆ ಮುಂದಿನ ದೃಶ್ಯ ಓಡಿಸುತ್ತಿದ್ದ. ಜನ ಯಾವ ಗುಂಡಿ ಒತ್ತಿದರೂ ಕತೆ ಮುಂದಿನ ಪ್ರಶ್ನೆಯ ಹೊತ್ತಿಗೆ ಅದೇ ಜಾಗಕ್ಕೆ ಬರುತ್ತಿತ್ತು, ಕೊನೆಗೆ ಕಟ್ಟಡಕ್ಕೆ ಬೆಂಕಿ ಬೀಳುತ್ತಿತ್ತು. ದೊಡ್ಡವರ ಪಾಲಿಗೆ ಅದು ಮತದಾನದ ಬಗೆಗಿನ ವ್ಯಂಗ್ಯ. ಮಗುವಿನ ಆಟದಲ್ಲಿ ಇದೇ ಉಪಾಯ ಮೋಸವಾಗುತ್ತದೆ. ದಾರಿ ಕೂಡಬಹುದು, ಆದರೆ ಆಯ್ಕೆ ಅಳಿಸಿಹೋಗಬಾರದು.

ಕವಲಿನ ಮುಂದೆ ಮಗು

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೊನಾಥನ್ ರೆಡ್‌ಶಾ ಮತ್ತು ಥಾಮಸ್ ಸಡನ್‌ಡಾರ್ಫ್ 2016ರಲ್ಲಿ ಪ್ರಕಟಿಸಿದ ಪ್ರಯೋಗದ ಉಪಕರಣವೇ ಒಂದು ಕವಲು. ತಲೆಕೆಳಗಾದ ‘ವೈ’ ಆಕಾರದ ಕೊಳವೆಯೊಳಗೆ ಒಂದು ವಸ್ತುವನ್ನು ಬಿಡುತ್ತಾರೆ. ಅದು ಕೆಳಗಿನ ಎರಡು ಬಾಯಿಗಳಲ್ಲಿ ಯಾವುದರಿಂದ ಬೀಳುತ್ತದೆಂದು ಮೊದಲೇ ಹೇಳಲಾಗದು. ಎರಡು ವರ್ಷದ ಮಕ್ಕಳು, ಹಾಗೆಯೇ ಪ್ರಯೋಗದಲ್ಲಿದ್ದ ವಾನರಗಳು, ಸಾಮಾನ್ಯವಾಗಿ ಒಂದೇ ಬಾಯಿಗೆ ಕೈಯೊಡ್ಡಿದವು. ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ಮೊದಲ ಸಲವೇ ಎರಡಕ್ಕೂ ಕೈಯೊಡ್ಡಿದರು. ಇನ್ನೂ ಆಗದ ಎರಡು ಸಂಗತಿಗಳನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳುವ ಶಕ್ತಿ ಈ ವಯಸ್ಸಿನ ಆಸುಪಾಸಿನಲ್ಲಿ ಕುದುರುತ್ತದೆ. ಆಗಿಹೋದದ್ದು ಬೇರೆ ರೀತಿ ಆಗಬಹುದಿತ್ತು ಎಂಬ ಯೋಚನೆ ಇನ್ನೂ ತಡವಾಗಿ ಬಲಿಯುತ್ತದೆಂದು ಸಾರಾ ಬೆಕ್ ಮತ್ತು ಸಂಗಡಿಗರ 2006ರ ಅಧ್ಯಯನ ಸೂಚಿಸಿತ್ತು.

ವಿನ್ಯಾಸಕ್ಕೆ ಇದರಿಂದ ಸಿಗುವ ಪಾಠ ನೇರವಾದದ್ದು. ಐದರೊಳಗಿನ ಮಕ್ಕಳಿಗೆ ಆಯ್ಕೆಯ ಫಲ ಮುಂದಿನ ಪುಟದಲ್ಲೇ ಕಾಣಬೇಕು. ಎಂಟು ದಾಟಿದವರಿಗೆ ಅದು ನಾಲ್ಕು ತುಣುಕುಗಳ ಆಚೆ ತಲೆಯೆತ್ತಿದರೂ ನಡೆಯುತ್ತದೆ. ಹಾಗೆ ತಡವಾಗಿ ಬಂದಾಗಲೇ ಅದರ ರುಚಿ ಹೆಚ್ಚು.

ಇನ್ನೊಂದು ಎಚ್ಚರಿಕೆ ಇ-ಪುಸ್ತಕಗಳ ಸಂಶೋಧನೆಯಿಂದ ಬರುತ್ತದೆ. ನ್ಯೂಯಾರ್ಕಿನ ಜೋನ್ ಗ್ಯಾಂಜ್ ಕೂನಿ ಕೇಂದ್ರ 2012ರಲ್ಲಿ ಪುಟ್ಟ ಮಕ್ಕಳು ಮತ್ತು ಹೆತ್ತವರ 32 ಜೋಡಿಗಳನ್ನು ಗಮನಿಸಿತು. ಮುಟ್ಟಿದರೆ ಕುಣಿಯುವ, ಸದ್ದು ಮಾಡುವ ಚಿತ್ರಗಳಿದ್ದ ಇ-ಪುಸ್ತಕ ಓದಿದ ಮಕ್ಕಳಿಗೆ ಕತೆಯ ವಿವರಗಳು ಕಡಿಮೆ ನೆನಪಿದ್ದವು. 2015ರಲ್ಲಿ ತಾಕಾಚ್, ಸ್ವಾರ್ಟ್ ಮತ್ತು ಬುಸ್ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಕತೆಗೆ ಹೊಂದಿದ ಚಲನೆ ಮತ್ತು ಸಂಗೀತ ಅರ್ಥಗ್ರಹಣಕ್ಕೆ ನೆರವಾದರೆ, ನಡುನಡುವೆ ತೂರಿಸಿದ ಆಟಗಳು ಅಡ್ಡಿಯಾಗುತ್ತವೆಂದು ಕಂಡಿತು. ಮಗುವಿನ ಬೆರಳು ಪರದೆಗೆ ತಾಗುವ ಪ್ರತಿ ಸಲವೂ ಕತೆ ಮುಂದೆ ಸಾಗಬೇಕು.

ಒಂದು ಮಾದರಿ: ಕೆರೆಯಂಗಳದ ಆಮೆ

ಎಂಟರಿಂದ ಹತ್ತು ವಯಸ್ಸಿನವರಿಗೆ ಒಂದು ಕನ್ನಡ ಆಟವನ್ನು ಕಲ್ಪಿಸಬಹುದು. ಬೇಸಿಗೆ, ಊರ ಕೆರೆ ಬತ್ತುತ್ತಿದೆ, ಬಿರುಕು ಬಿಟ್ಟ ಕೆಸರಿನಲ್ಲಿ ಓದುಗನಿಗೆ ಒಂದು ಆಮೆ ಕಾಣುತ್ತದೆ. ಇಲ್ಲಿ ‘ಎಡಕ್ಕೆ ಹೋಗುವೆಯಾ, ಬಲಕ್ಕೆ ಹೋಗುವೆಯಾ’ ಎಂದು ಕೇಳಿದರೆ ಅದು ಚೀಟಿ ಎತ್ತಿದ ಹಾಗೆ. ಆರಿಸಲು ಮಗುವಿಗೆ ಆಧಾರವೇ ಇಲ್ಲ. ಬದಲಿಗೆ ಮೂರು ದಾರಿ ಇಡಬಹುದು: ಆಮೆಯನ್ನು ಗುಟ್ಟಾಗಿ ಮನೆಯ ತೊಟ್ಟಿಗೆ ತರುವುದು, ಅಜ್ಜಿಗೆ ಹೇಳುವುದು, ದಂಡೆಯಲ್ಲಿ ಬಲೆ ಒಣಹಾಕುತ್ತಿರುವ ಮೀನುಗಾರನನ್ನು ಕೇಳುವುದು.

ನಮ್ಮ ಕೆರೆಗಳಲ್ಲಿ ಸಿಗುವ ಫ್ಲ್ಯಾಪ್‌ಶೆಲ್ ಆಮೆ ನೀರು ಬತ್ತಿದಾಗ ಕೆಸರಿನೊಳಗೆ ಹುದುಗಿ ಬೇಸಿಗೆ ಕಳೆಯಬಲ್ಲದು. ಮೀನುಗಾರನನ್ನು ಕೇಳಿದ ಮಗುವಿಗೆ ಇದು ಗೊತ್ತಾಗುತ್ತದೆ. ತಾನು ಮಾಡಹೊರಟ ಉಪಕಾರ ಬೇಕಿತ್ತೇ ಎಂಬ ಪ್ರಶ್ನೆ ಅಲ್ಲಿಂದ ಏಳುತ್ತದೆ. ಈ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಮನೆಯಲ್ಲಿ ಸಾಕುವಂತಿಲ್ಲ. ಹಾಗೆಂದು ತೊಟ್ಟಿಯ ದಾರಿಯನ್ನು ಮುಚ್ಚಬೇಕಾಗಿಲ್ಲ. ಆಮೆ ಮೇವು ಮುಟ್ಟದಿರುವುದು, ರಾತ್ರಿ ಗೋಡೆ ಕೆರೆಯುವುದು, ಇವನ್ನು ಕಾಣಿಸಿದರೆ ಸಾಕು. ಬುದ್ಧಿವಾದದ ತುಣುಕು ಬೇಡ.

ಮೂರೂ ದಾರಿಗಳು ಮಳೆ ಬರುವ ಇರುಳಿನಲ್ಲಿ ಕೂಡುತ್ತವೆ. ಆಟ ನೆನಪಿಡಬೇಕಾದದ್ದು ಎರಡೇ ಸಂಗತಿ: ಅಜ್ಜಿಗೆ ಗೊತ್ತೇ, ಆಮೆ ಎಲ್ಲಿದೆ? ಅಜ್ಜಿಗೆ ಗೊತ್ತಿದ್ದರೆ ಅವರೇ ಟಾರ್ಚ್ ಹಿಡಿದು ಜೊತೆಗೆ ಬರುತ್ತಾರೆ. ಇಲ್ಲದಿದ್ದರೆ ಮಗು ಒಂಟಿಯಾಗಿ ಬಾಗಿಲು ತೆಗೆಯಬೇಕು, ಬೆಳಿಗ್ಗೆ ಒದ್ದೆ ಚಪ್ಪಲಿಯ ಬಗ್ಗೆ ಉತ್ತರ ಹೇಳಬೇಕು. ಕೂಡುತುಣುಕಿನಲ್ಲಿ ಬದಲಾಗುವುದು ಮೂರು ನಾಲ್ಕು ವಾಕ್ಯ. ಅಷ್ಟರಿಂದಲೇ ಆಯ್ಕೆ ಉಳಿಯುತ್ತದೆ.

ಮಧ್ಯಮ ಪುರುಷದಲ್ಲಿ ನಡೆಯುವ ಕತೆಗೆ ಕನ್ನಡದ ವ್ಯಾಕರಣವೂ ಒದಗಿಬರುತ್ತದೆ. ‘ನೀನು ಬಾಗಿಲು ತೆಗೆದೆ’ ಎಂಬಲ್ಲಿ ಓದುವವರು ಹುಡುಗನೋ ಹುಡುಗಿಯೋ ಎಂಬುದು ಕ್ರಿಯಾಪದದಲ್ಲಿ ಕಾಣುವುದಿಲ್ಲ. ಹಿಂದಿಯಲ್ಲಾದರೆ ಎಷ್ಟೋ ವಾಕ್ಯಗಳಲ್ಲಿ ಅದನ್ನು ಮೊದಲೇ ತೀರ್ಮಾನಿಸಬೇಕಾಗುತ್ತದೆ. ಈ ಅನುಕೂಲವನ್ನು ಚಿತ್ರಗಳು ಕೆಡಿಸಬಾರದು. ಇಂಗ್ಲಿಷ್ ಮಾಲೆಯ ‘ಯೂ’ ಯಾರಾದರೂ ಆಗಬಹುದಿತ್ತು, ಆದರೆ ಚಿತ್ರಗಳಲ್ಲಿ ಬಹಳ ಸಲ ಕಂಡದ್ದು ಹುಡುಗನೇ.

ಸಲಕರಣೆ, ಹಿಂದಿರುಗುವ ದಾರಿ, ಕಾನೂನು

ಇಷ್ಟನ್ನು ಕಟ್ಟಲು ದೊಡ್ಡ ಬಂಡವಾಳ ಬೇಡ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ ‘ಟ್ವೈನ್’ ಕತೆಯನ್ನು ಒಂದೇ ಎಚ್‌ಟಿಎಂಎಲ್ ಕಡತವಾಗಿ ಕೊಡುತ್ತದೆ. ಯೂನಿಕೋಡ್ ಕನ್ನಡ ಅದರಲ್ಲಿ ಓಡುತ್ತದೆ. ಬ್ರಿಟನ್ನಿನ ಇಂಕಲ್ ಸಂಸ್ಥೆ 2016ರಲ್ಲಿ ಮುಕ್ತಗೊಳಿಸಿದ ‘ಇಂಕ್’ ಭಾಷೆಯಲ್ಲಿ ಆಯ್ಕೆಗೆ ನಕ್ಷತ್ರಚಿಹ್ನೆಯಿದ್ದರೆ, ಕವಲುಗಳನ್ನು ಒಟ್ಟುಗೂಡಿಸಲು ಅಡ್ಡಗೆರೆಯೊಂದನ್ನೇ ಮೀಸಲಿಟ್ಟಿದ್ದಾರೆ.

ಪುಸ್ತಕದಲ್ಲಿ ಮಕ್ಕಳು ಹಿಂದಿನ ಪುಟಕ್ಕೆ ಬೆರಳು ಸಿಕ್ಕಿಸಿಕೊಂಡು ಮುಂದಿನದನ್ನು ಇಣುಕುತ್ತಿದ್ದರು. ಪ್ಯಾಕರ್ಡ್ ಇದನ್ನು ಬಲ್ಲವರು. 1982ರ ‘ಇನ್‌ಸೈಡ್ ಯುಎಫ್‌ಒ 54-40’ ಪುಸ್ತಕದ ಅಲ್ಟಿಮಾ ಗ್ರಹಕ್ಕೆ ಯಾವ ಆಯ್ಕೆಯಿಂದಲೂ ದಾರಿಯಿಲ್ಲ, ನಿಯಮ ಮುರಿದು ಪುಟ ಮಗುಚಿದವರಿಗಷ್ಟೇ ಅದು ಸಿಗುತ್ತದೆ. ಟ್ವೈನ್‌ನ ‘ಹಾರ್ಲೋ’ ರೂಪದಲ್ಲಿ ಹಿಂದಕ್ಕೆ ಹೋಗುವ ಬಾಣ ತಾನಾಗಿಯೇ ಬರುತ್ತದೆ. ಮಕ್ಕಳ ಆಟದಲ್ಲಿ ಅದನ್ನು ತೆಗೆಯದಿರುವುದು ಲೇಸು: ಹಿಂದೆ ಹೋಗಿ ಬೇರೆ ದಾರಿ ನೋಡುವಾಗಲೇ ಎರಡೂ ಸಾಧ್ಯತೆಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ.

ಮಗು ಆರಿಸಿದ್ದನ್ನು ಆಟ ನೆನಪಿಡುವುದು ಒಂದು, ತಯಾರಕರು ದಾಖಲಿಸಿಕೊಳ್ಳುವುದು ಇನ್ನೊಂದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅವರ ದತ್ತಾಂಶ ಬಳಸಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಕೇಳುತ್ತದೆ, ಅವರ ವರ್ತನೆಯ ಮೇಲೆ ಕಣ್ಣಿಡುವುದನ್ನೂ ಅವರತ್ತ ಗುರಿಯಿಟ್ಟ ಜಾಹೀರಾತನ್ನೂ ನಿಷೇಧಿಸುತ್ತದೆ. ಅಜ್ಜಿಗೆ ಗೊತ್ತೇ ಎಂಬ ಗುರುತು ಫೋನಿನೊಳಗೇ ಇದ್ದು ಆಟ ಮುಗಿದಾಗ ಅಳಿದರೆ ಈ ತೊಡಕು ಏಳುವುದೇ ಇಲ್ಲ.

ಬಾಳಿಕೆಯ ಪ್ರಶ್ನೆಯೂ ಇದೆ. ನೆಟ್‌ಫ್ಲಿಕ್ಸ್ 2017ರಲ್ಲಿ ‘ಪುಸ್ ಇನ್ ಬುಕ್’ ಮೂಲಕ ಮಕ್ಕಳಿಗೆ ಆಯ್ಕೆಚಿತ್ರಗಳನ್ನು ಪರಿಚಯಿಸಿತು. 2024ರ ಡಿಸೆಂಬರಿನಲ್ಲಿ ಅಂಥ ಬಹುಪಾಲು ಚಿತ್ರಗಳನ್ನು ತೆಗೆದುಹಾಕಿತು. 1979ರ ಪುಸ್ತಕ ಈಗಲೂ ಓದಲು ಸಿಗುತ್ತದೆ. ಆಮೆಯ ಕತೆಯಂಥ ಪುಟ್ಟ ಆಟವನ್ನು ಕಾಗದಕ್ಕೂ ಇಳಿಸಬಹುದು: 1995ರ ‘ಫೇಬಲ್ಡ್ ಲ್ಯಾಂಡ್ಸ್’ ಮಾಲೆಯಲ್ಲಿ ಓದುಗರು ಸಂಕೇತಪದಗಳ ಪಟ್ಟಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದಂತೆ, ಇಲ್ಲಿ ಪುಸ್ತಕದ ಕೊನೆಯಲ್ಲಿ ಎರಡು ಚೌಕಗಳಿದ್ದರೆ ಸಾಕು. ಮೊಬೈಲ್ ಇಲ್ಲದ ಶಾಲೆಯಲ್ಲಿ ಶಿಕ್ಷಕಿ ಒಂದೊಂದೇ ತುಣುಕನ್ನು ಓದಿ ತರಗತಿಯ ಕೈಯೆತ್ತಿಸಿ ಮುಂದುವರಿಯಬಹುದು, ಮರುದಿನ ಸೋತ ಪಕ್ಷದ ದಾರಿಯಿಂದ ಅದೇ ಕತೆಯನ್ನು ಮತ್ತೆ ಆರಂಭಿಸಬಹುದು.